ಗಂಜಿ ಹಾಕಿದ ರೆಕ್ಕೆ

ಬಾಳೇಶ ಮಾಸ್ತರರು ಬರುವುದಕ್ಕೆ ಮೊದಲೇ ಅವರ ಅಂಗಿಯ ಸಪ್ಪಳ ಬರುತ್ತಿತ್ತು. ರಬಕವಿಯ ನೇಕಾರರು ಹಾಸಿನ ನೂಲಿಗೆ ಬಳಿಯುವ ಗಂಜಿಯನ್ನೇ ತಮ್ಮ ಆಕಾಶನೀಲಿ ಸಮವಸ್ತ್ರಕ್ಕೂ ಹಾಕಿಸುತ್ತಿದ್ದ ಅವರು ನಮ್ಮ ಕಾಲೇಜಿನ ಪಡಸಾಲೆಯಲ್ಲಿ ನಡೆದರೆ, ಒಣಗಿದ ಜೋಳದ ಗರಿ, ನಮ್ಮ ರವದಿ, ಗಾಳಿಗೆ ಅಲುಗಿದಂತಾಗುತ್ತಿತ್ತು. ಮುಖ ಮಾತ್ರ ಸದಾ ಮೇಲಕ್ಕೆ. ಕುರಿ ಕಾಯ್ದ ಹಿರಿಯರಿಂದ ಬಂದ, ಮೋಡ ನೋಡುವ ಚಾಳಿ.

ಭೌತಶಾಸ್ತ್ರ ಅವರ ವೃತ್ತಿ, ಎನ್‌ಸಿಸಿಯ ವಾಯು ವಿಭಾಗ ಅವರ ವ್ರತ. ಸ್ವಾತಂತ್ರ್ಯದ ಮರುವರ್ಷ ಹುಟ್ಟಿದ ಆ ಸಂಸ್ಥೆ ತರುಣರಲ್ಲಿ ಶೀಲ, ಶಿಸ್ತು, ಸೇವಾಬುದ್ಧಿಗಳನ್ನು ಬೆಳೆಸಲೆಂದೇ ಇದೆಯೆಂದು ಪ್ರತಿ ಭಾನುವಾರದ ಕವಾಯತಿನಲ್ಲಿ ಗ್ರಾಂಥಿಕವಾಗಿ ವಿವರಿಸಿ, ಕಡೆಗೆ ಮನೆಮಾತಿಗೆ ಇಳಿಯುತ್ತಿದ್ದರು: “ಇವೆಲ್ಲಾ ಖರೆ. ಆದ್ರ ಒಮ್ಮೆರೆ ಮ್ಯಾಲ ಹೋಗಿ ನಮ್ಮ ಹೊಳಿ ನೋಡಬೇಕ್ರೆಪಾ.” ಆಲಮಟ್ಟಿಯ ಹಿನ್ನೀರಿನಿಂದ ಕೃಷ್ಣೆ ಹಿಗ್ಗಿದ ಮೇಲಂತೂ ಆ ಹಂಬಲ ಇಮ್ಮಡಿಸಿತ್ತು. ಇಷ್ಟು ವರ್ಷ ಹಾರಾಟದ ಪಾಠ ಹೇಳಿದ ಅವರು ಒಮ್ಮೆಯೂ ಹಾರಿರಲಿಲ್ಲ.

೨೦೦೭ರ ಬೆಳಗಾವಿ ಶಿಬಿರ ನಿವೃತ್ತಿಯ ಅಂಚಿನಲ್ಲಿದ್ದ ಅವರ ಪಾಲಿಗೆ ಕೊನೆಯದು, ಕೆಡೆಟ್ಟಾಗಿ ನಾನೂ ಜೊತೆಗಿದ್ದೆ. ಮಾದರಿ ವಿಮಾನಗಳ ಸ್ಪರ್ಧೆಯಲ್ಲಿ ಗೆದ್ದ ಕೆಡೆಟ್ಟಿಗೂ ಅವರ ಅಧಿಕಾರಿಗೂ ತರಬೇತಿ ವಿಮಾನದಲ್ಲಿ ಒಂದೊಂದು ಸುತ್ತು ಎಂದು ಘೋಷಿಸಿದ್ದರು. ನಮ್ಮ ಕೆಡೆಟ್ ರಾಧಿಕಾ ಕಟ್ಟಿದ್ದ ವಿಮಾನದ ರೆಕ್ಕೆಗೆ ಸೀರೆಯ ತೆಳುರೇಷ್ಮೆ ಹೊದಿಸಲಾಗಿತ್ತು. ಅದರ ಮೇಲೆ ನೀರು ಹಿಡಿಯದ ಅರಗುಬಣ್ಣ ಬಳಿಯಬೇಕೆಂದು ಕೈಪಿಡಿ ಹೇಳಿದರೂ ಮಾಸ್ತರರು ಒಪ್ಪದೆ ಗಂಜಿಯನ್ನೇ ಬಳಿಸಿದ್ದರು. “ನಮ್ಮ ಗಂಜಿ ಮುಂದ ಅರಗೇನ್ ಹಚ್ಚೀರಿ?” ನಮ್ಮೂರು ಬನಹಟ್ಟಿಯ ಬಿಸಿಲಲ್ಲಿ ಅದು ಗಿಡುಗನಂತೆ ತೇಲಿತ್ತು ಕೂಡ.

ಬೆಳಗಾವಿಯಲ್ಲಿ ಜಿಟಿಜಿಟಿ ಮಳೆ. ಮೂತಿಗೆ ಬೀರೇಶ್ವರನ ಭಂಡಾರದ ಅರಿಶಿನ ಹಚ್ಚಿಸಿಕೊಂಡು ಮೇಲೇರಿದ ನಮ್ಮ ವಿಮಾನದ ರೆಕ್ಕೆಗಳು ಗಂಜಿ ಕರಗಿ, ನೆನೆದು ಜೋತುಬಿದ್ದವು. ಅದು ಹುಲ್ಲಿನ ಮೇಲೆ ಕುಸಿಯಿತು.

“ಇಮಾನಲ್ಲೋ, ಯಾರೋ ಒಗದ ಹಾಕಿದ ಸೀರಿ!” ಎಂದು ಪಕ್ಕದ ತಂಡದವನೊಬ್ಬ ಕೂಗಿದ.

“ಸೀರಿ ಖರೆ,” ಎಂದರು ಮಾಸ್ತರರು. “ನಿಮ್ಮವ್ವನ ಸೀರಿ ಅಷ್ಟ ಎತ್ತರ ಹಾರಿತ್ತೇನಲೇ?”

ಎಲ್ಲರೂ ನಕ್ಕರು, ರಾಧಿಕಾ ಒಬ್ಬಳನ್ನು ಬಿಟ್ಟು. “ನಿಮ್ಮ ಸುತ್ತೂ ಹೋತಲ್ರೀ ಸರ್.”

“ನಂದಿರಲಿ ಬೇ. ನಿನಗ ಬರೂ ವರ್ಷ ಐತಿ. ಅರಗು ಹಚ್ಚು, ನನ್ನ ಮಾತ ಕೇಳಬ್ಯಾಡ.”

ಮಳೆ ನಿಂತ ಮೇಲೆ ಗೆದ್ದವರನ್ನು ಹೊತ್ತ ವಿಮಾನ ಮೋಡದಲ್ಲಿ ಚುಕ್ಕೆಯಾಗುವವರೆಗೂ ಮಾಸ್ತರರು ಅಲುಗದೆ ನಿಂತರು. ಆಮೇಲೆ ಡೇರೆಯ ಕಡೆ ನಡೆದರು. ಅಂಗಿ ತೊಯ್ದಿತ್ತು, ಅವರ ನಡಿಗೆಗೆ ಸಪ್ಪಳವಿರಲಿಲ್ಲ.

ಆಕಾಶವನ್ನು ಬಯಸಿದವರೆಲ್ಲರನ್ನೂ ಆಕಾಶ ಕರೆಯುವುದಿಲ್ಲ. ಕೆಲವರು ಮನೆಯ ಗಂಜಿಯನ್ನೇ ನೆಚ್ಚಿ ಅದರತ್ತ ಮುಖವೆತ್ತಿ ಬಾಳುತ್ತಾರೆ. ಒಂದು ಮಳೆ ಅವರನ್ನು ಮೆತ್ತಗೆ ಮಾಡುತ್ತದೆ, ಮರುದಿನದ ಬಿಸಿಲಿಗೆ ಮತ್ತೆ ಸೆಟೆದು ನಿಲ್ಲುತ್ತಾರೆ. ನಿವೃತ್ತಿಯ ನಂತರವೂ ಭಾನುವಾರ ಬೆಳಿಗ್ಗೆ ನಮ್ಮ ಓಣಿಯಲ್ಲಿ ರವದಿ ಅಲುಗಿದ ಸದ್ದಾಗುತ್ತದೆ. ನಾನು ಕಿಟಕಿ ತೆರೆಯುತ್ತೇನೆ. ಅವರು ಮೇಲೆ ನೋಡುತ್ತ ಹೋಗುತ್ತಿರುತ್ತಾರೆ.