ನಾರಿಸನ ಕೈ

ಎರ್ಲೀನಳ ಫೋನು ಬಂದಾಗ ಓವಿಡ್ ಮೆಲಾಂಸೊ ಇಬ್ಬರು ಹುಡುಗರ ಎಸೆತಗಳನ್ನು ಒಂದೇ ಪರದೆಯ ಮೇಲೆ ಅಕ್ಕಪಕ್ಕ ಇಟ್ಟು ನೋಡುತ್ತಿದ್ದ. ಎಡಕ್ಕೆ ಗ್ರೇಡನ್, ಬಲಕ್ಕೆ ಕೀಶಾನ್. ಶನಿವಾರದ ಅಮೆರಿಕನ್ ಫುಟ್‌ಬಾಲ್ ಆಟಕ್ಕೆ ಕಾಲೇಜು ತಂಡದ ಕ್ವಾರ್ಟರ್‌ಬ್ಯಾಕ್ ಆಗಿ, ಅಂದರೆ ಚೆಂಡೆಸೆದು ತಂಡವನ್ನು ನಡೆಸುವವನಾಗಿ, ಇವರಿಬ್ಬರಲ್ಲಿ ಯಾರು ಇಳಿಯಬೇಕೆಂದು ಎಸೆತ ಕಲಿಸುವ ಕೋಚ್ ಆದ ಓವಿಡ್ ಸಂಜೆಯೊಳಗೆ ಹೇಳಬೇಕಿತ್ತು.

"ಕೋಚ್, ನಾರಿಸ್ ಹೋಗ್ಬಿಟ್ಟ," ಎಂದಳು ಎರ್ಲೀನ್. "ಬೆಳಿಗ್ಗೆ ಸೀಗಡಿ ಬಲೆ ಎಳೀತಿದ್ದೋನು ದೋಣೀಲೇ ಕುಸಿದ. ಎದೆನೋವಂತೆ. ನಮ್ಮಣ್ಣಂಗೆ ನಲವತ್ತಾರಷ್ಟೇ, ಕೋಚ್."

ಓವಿಡ್ ಹಣೆಗೂ ಎದೆಗೂ ಶಿಲುಬೆಯ ಗುರುತು ಮಾಡಿಕೊಂಡ. ಏನು ಹೇಳಿದನೋ ಅವನಿಗೇ ನೆನಪಿರಲಿಲ್ಲ. ಫೋನಿಟ್ಟು ತಲೆಯೆತ್ತಿದಾಗ ಪರದೆಯ ಮೇಲೆ ಕೀಶಾನನ ಕೈ ಗಾಳಿಯಲ್ಲಿ ನಿಂತಿತ್ತು. ಮೊಣಕೈ ಭುಜಕ್ಕಿಂತ ಕೆಳಗೆ, ಪಕ್ಕೆಲುಬಿನ ಹತ್ತಿರ. ಒಂದು ಕಾಲದಲ್ಲಿ ನಾರಿಸನ ಮೊಣಕೈಯೂ ಅಲ್ಲೇ ಇರುತ್ತಿತ್ತು.

ಇಪ್ಪತ್ತಾರು ವರ್ಷದ ಹಿಂದೆ, ಬೀಸುಬಲೆ ಎಸೆದಂತೆ ಸೊಂಟದ ಬಳಿಯಿಂದ ಚೆಂಡು ಎಸೆಯುತ್ತಿದ್ದ ಆ ಹುಡುಗನನ್ನು ಓವಿಡನೇ ತಿದ್ದಿದ್ದ. ಒಂದು ಮಂಡಿಯೂರಿಸಿ ಎಸೆಯಲು ಹೇಳುತ್ತಿದ್ದ. ಕಾಲಿನ ನೆರವು ತಪ್ಪಿದರೆ ಕೈ ನಿಜ ನುಡಿಯುತ್ತದೆ ಎಂಬುದು ಅವನ ನಂಬಿಕೆ. ಭುಜದ ಎತ್ತರಕ್ಕೆ ಹಗ್ಗ ಕಟ್ಟಿ, ಮೊಣಕೈ ಅದರ ಮೇಲೇ ಹಾಯಬೇಕೆಂದು ದಿನಕ್ಕೆ ಇನ್ನೂರು ಎಸೆತ. ವರ್ಷ ತುಂಬುವುದರೊಳಗೆ ಮೊಣಕೈ ಪುಸ್ತಕದ ಚಿತ್ರದಂತಾಯಿತು. ಚೆಂಡು ಮಾತ್ರ ಒಂದು ಗಳಿಗೆ ತಡವಾಗಿ ಹೊರಡತೊಡಗಿತು. ಅಷ್ಟರಲ್ಲಿ ಎದುರಾಳಿಗಳು ಬಂದು ಅವನನ್ನು ಕೆಡವುತ್ತಿದ್ದರು. ಅವನ ಜಾಗ ಇನ್ನೊಬ್ಬನಿಗೆ ಹೋಯಿತು.

"ಮುಂಚೆ ಕೈ ತಾನೇ ಹೇಳ್ತಿತ್ತು ಕೋಚ್," ಎಂದಿದ್ದ ನಾರಿಸ್ ಒಂದೇ ಒಂದು ಸಲ. "ಈಗ ನಾನೇ ಅದನ್ನ ಕೇಳ್ಬೇಕು."

ಆಮೇಲೆ ಪ್ರತಿ ಸೆಪ್ಟೆಂಬರಿನಲ್ಲೂ ಒಂದು ಪೆಟ್ಟಿಗೆ ಸೀಗಡಿ ತಂದು ಬಾಗಿಲಲ್ಲಿಟ್ಟು, "ಈ ವರ್ಷದ ಹುಡುಗ್ರು ಹೆಂಗವ್ರೆ?" ಎಂದು ಕೇಳಿ ಹೋಗುತ್ತಿದ್ದ. ತಪ್ಪು ನನ್ನದು ಎಂಬ ಮಾತು ಪ್ರತಿ ಸೆಪ್ಟೆಂಬರಿನಲ್ಲೂ ಓವಿಡನ ನಾಲಿಗೆಯ ತುದಿಗೆ ಬಂದು ಹಿಂದಿರುಗುತ್ತಿತ್ತು. ಹೋದ ವಾರವೂ ಹಾಗೇ ಆಗಿತ್ತು. ಸೀಗಡಿ ಇನ್ನೂ ಮನೆಯ ಫ್ರಿಜ್ಜಿನಲ್ಲಿತ್ತು.

ಮುಖ್ಯ ಕೋಚ್ ಬ್ರಾಂಟ್ ಒಳಗೆ ಬಂದ. ವಯಸ್ಸಿನಲ್ಲಿ ಓವಿಡನ ಮಗನಿಗಿಂತ ಚಿಕ್ಕವನು.

"ಕಳೆದ ಆಟದಲ್ಲಿ ಕೀಶಾನನ ಐದು ಚೆಂಡನ್ನ ಎದುರಿಗಿದ್ದೋರು ಕೈಯೆತ್ತಿ ತಟ್ಟಿ ಬೀಳ್ಸಿದ್ರು. ಅಷ್ಟು ಕೆಳಗಿಂದ ಎಸೆದ್ರೆ ಇನ್ನೇನಾಗತ್ತೆ? ಮೊಣಕೈ ಮೇಲಕ್ಕೆ ತನ್ನಿ. ಆಗಲ್ವಾ, ಗ್ರೇಡನ್ ಆಡ್ತಾನೆ."

"ಗ್ರೇಡನ್ ಒಳ್ಳೇ ಹುಡುಗ. ಮೈದಾನಾನ ಸಾಲು ಸಾಲಾಗಿ ಓದ್ತಾನೆ. ಓದಿ ಮುಗಿಸೋ ಹೊತ್ಗೆ ಕೆಳಗೆ ಬಿದ್ದಿರ್ತಾನೆ. ಕೀಶಾನ್ ಆಡ್ಲಿ. ಅವನ ಕೈನ ನಾನು ಮುಟ್ಟಲ್ಲ."

"ಮುಟ್ಟೋದೇ ನಿಮ್ಮ ಕೆಲಸ ಅಲ್ವೇನ್ರೀ?" ಬ್ರಾಂಟ್ ಬಾಗಿಲಲ್ಲಿ ನಿಂತ. "ಶನಿವಾರ ಚೆಂಡು ಮತ್ತೆ ಕೆಳಗೆ ಬಿದ್ರೆ ಸೋಮವಾರದಿಂದ ಈ ಕೋಣೇಲಿ ಬೇರೆಯವ್ರು ಕೂತಿರ್ತಾರೆ."

"ಕೂತ್ಕೊಳ್ಳಲಿ ಬಿಡು."

ಹೇಳಿಬಿಟ್ಟ, ಆದರೆ ಕೂತಲ್ಲಿ ಕೂರಲಾಗಲಿಲ್ಲ. ಮೈದಾನಕ್ಕೆ ಹೋದ. ಮರಳಿ ಬಂದು ಪರದೆ ಹಚ್ಚಿದ. ಆ ಐದು ಎಸೆತಗಳನ್ನು ಮತ್ತೆ ಮತ್ತೆ ಓಡಿಸಿದ. ಹನ್ನೊಂದನೆಯ ಸಲವೋ ಹನ್ನೆರಡನೆಯ ಸಲವೋ, ಕೈ ಬಿಟ್ಟು ಕಾಲು ನೋಡಿದ. ಐದೂ ಸಲ ಹುಡುಗ ನೆಟ್ಟ ಗೂಟದಂತೆ ಒಂದೇ ಜಾಗದಲ್ಲಿ ನಿಂತಿದ್ದ. ಅಂದು ನಾರಿಸನ ಕಾಲನ್ನು ನೋಡಬೇಕೆಂದು ಯಾರಿಗೂ ಹೊಳೆದಿರಲಿಲ್ಲ. ಮಂಡಿಯೂರಿಸಿ ಆ ಕಾಲನ್ನು ನೆಲಕ್ಕೆ ಕಟ್ಟಿಹಾಕಿದ್ದವನು ಓವಿಡನೇ.

ಸಂಜೆ ಉಳಿದವರು ಹೋದ ಮೇಲೆ ಕೀಶಾನ್, ಗ್ರೇಡನ್ ಇಬ್ಬರನ್ನೂ ಮೈದಾನದಲ್ಲೇ ನಿಲ್ಲಿಸಿಕೊಂಡ. ಎರಡು ಉದ್ದ ಪೊರಕೆಗಳನ್ನು ಎರಡು ಕೈಯಲ್ಲಿ ಎತ್ತಿ ಹಿಡಿದು ಕೀಶಾನನ ಎದುರು ನಿಂತ.

"ತಾತ ಇವತ್ತು ಮೈದಾನ ಗುಡಿಸ್ತಾರೇನೋ!" ಎಂದ ಕೀಶಾನ್.

"ನಿನ್ನ ಚೆಂಡು ಗುಡಿಸೋಕೇ ಕಣೋ," ಎಂದ ಗ್ರೇಡನ್. "ನೀನು ಎಸೆಯೋ ಎತ್ತರಕ್ಕೆ ಅದು ಮೊಲದ ಬೆನ್ನಿಗೇ ತಾಗೋದು."

"ನಿಂದು ತಲುಪೋ ಹೊತ್ಗೆ ಹಿಡಿಯೋನಿಗೆ ಮೊಮ್ಮಕ್ಕಳಾಗಿರ್ತವೆ, ಸುಮ್ನಿರು."

"ಬಾಯಿ ಸಾಕು," ಎಂದ ಓವಿಡ್. "ಇವು ಎದುರಾಳಿ ಕೈಗಳು. ನಡುವೆ ಸಂದಿ ಇದೆ. ಗ್ರೇಡನ್ ನನ್ನ ಹಿಂದೆ ನಿಂತ್ಕೊಂಡು ಹಿಡೀತಾನೆ. ಕೈಗೆ ಏನೂ ಹೇಳ್ಬೇಡ. ಕಾಲು ಅರ್ಧ ಹೆಜ್ಜೆ ಸರಿಸಿ ಸಂದಿ ಹುಡುಕು."

ಮೊದಲ ಚೆಂಡು ಎಡಗೈಯ ಪೊರಕೆಗೆ ಬಡಿಯಿತು. ಎರಡನೆಯದು ಓವಿಡನ ಎದೆಗೆ. ಗ್ರೇಡನ್ ಓಡಿ ಬಂದ. ಮುದುಕ ಉಸಿರು ಹಿಡಿದು, "ನಿನ್ನ ಜಾಗಕ್ಕೆ ಹೋಗು," ಎಂದ. ಏಳನೆಯದೋ ಎಂಟನೆಯದೋ, ಹುಡುಗನ ಕಾಲು ಎಡಕ್ಕೆ ಜಾರಿತು. ಚೆಂಡು ಪಕ್ಕೆಯಿಂದ ಹೊರಟದ್ದು ಓವಿಡನಿಗೆ ಕಾಣಲೇ ಇಲ್ಲ. ಕಿವಿಯ ಪಕ್ಕ ಗಾಳಿ ಹಾಯ್ದಂತಾಯಿತು, ಅಷ್ಟೇ. ಹಿಂದೆ ಗ್ರೇಡನನ ಎದೆಗೆ ಅದು ಬಡಿದ ಸದ್ದು ಕೇಳಿತು.

"ಎಲ್ಲಿ ಕಲಿತೆಯೋ ಈ ಎಸೆತ?" ಎಂದು ಕೇಳಿದ.

"ಕಲೀಲಿಲ್ಲ ಕೋಚ್. ಮೊದಲಿಂದ್ಲೂ ಹಿಂಗೇ."

ಓವಿಡ್ ಪೊರಕೆಗಳನ್ನು ಹುಲ್ಲಿನ ಮೇಲಿಟ್ಟ. ಬಲ ಮಂಡಿಯನ್ನು ನಿಧಾನವಾಗಿ ನೆಲಕ್ಕೆ ಊರಿದ. ನೋವಿಗೆ ಹಲ್ಲು ಕಚ್ಚಿದ. ತಮಗೆ ಏನೋ ತೋರಿಸಲಿದ್ದಾನೆಂದು ಹುಡುಗರು ಹತ್ತಿರ ಬಂದರು. ಅವನ ತುಟಿ ಅಲುಗುವುದನ್ನು ಕಂಡು ತಲೆಯ ಮೇಲಿನ ಹೆಲ್ಮೆಟ್ಟು ತೆಗೆದು ನಿಂತರು.

"ಕರ್ತನೇ, ನಾರಿಸನನ್ನು ನಿನ್ನ ಬೆಳಕಿನಲ್ಲಿ ಇರಿಸಿಕೋ. ಅವನ ದಣಿವು ಆರಲಿ. ನಾನು ಕಿತ್ತುಕೊಂಡ ಕೈಯನ್ನು ಅವನಿಗೆ ಹಿಂದಕ್ಕೆ ಕೊಡು."