ಮೇಷ್ಟ್ರ ಅಂಗಿ ಬೇರೆ ಇಡಬೇಕಂತೆ!

ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆದು ಇಸ್ತ್ರಿಪೆಟ್ಟಿಗೆ ಕಾಯಲು ಇಟ್ಟಿದ್ದೆ, ಅಷ್ಟೆ. ನಮ್ಮ ಬೀದಿಯವರೆಲ್ಲ ‘ಮೂಲೆಮನೆ ಅತ್ತಿಗೆ’ ಎಂದು ಕರೆಯುವವಳು ಬಟ್ಟೆಗಂಟು ಹಿಡಿದು ಬಂದು ಪಿಸುಗುಟ್ಟಿದಳು.

“ಡ್ರಾಯಿಂಗ್ ಮೇಷ್ಟ್ರ ಅಂಗಿ ಬೇರೆ ಇಡೇ. ಅವರ ಬಟ್ಟೆ ಉಜ್ಜಿದ ಪೆಟ್ಟಿಗೆ ನಮ್ಮ ಬಟ್ಟೆಗೆ ಬೇಡ. ನಿನ್ನೆ ಆಸ್ಪತ್ರೇಲಿ ಎಚ್‌ಐವಿ ಪರೀಕ್ಷೆ ರೂಮಿನ ಮುಂದೆ ಕೂತಿದ್ರಂತೆ!”

ನನಗೆ ಮೈಯೆಲ್ಲ ಉರಿದುಹೋಯಿತು. “ಅಲ್ಲ ಅತ್ತಿಗೆ, ಕೈ ತಗುಲಿದ್ರೆ ಬೊಬ್ಬೆ ಏಳೋ ಪೆಟ್ಟಿಗೆ ಇದು. ಇದರ ಮೇಲೆ ಯಾವ ರೋಗ ಕೂತ್ಕೊಂಡು ನಿಮ್ಮನೆಗೆ ಬರುತ್ತೆ?”

“ನಂಗೇನು ಗೊತ್ತಮ್ಮ! ಬೆಂಕಿ ಇಲ್ದೆ ಹೊಗೆ ಆಡುತ್ತಾ?” ಎನ್ನುತ್ತ ಗಂಟು ಎತ್ತಿಕೊಂಡು ಹೊರಟೇಹೋದಳು.

ಹೋದರೆ ಹೋಗಲಿ. ಆದರೆ ಒಳಗೆ ಬಟ್ಟೆ ಮಡಚುತ್ತಿದ್ದ ನನ್ನ ತಂಗಿ ಎಲ್ಲ ಕೇಳಿಸಿಕೊಂಡಿದ್ದಳು. ಅವಳಿಗೆ ಮೂರು ತಿಂಗಳು. ಗರ್ಭಿಣಿಯರು ಮಾಡಿಸಬೇಕಾದ ಪರೀಕ್ಷೆಗಳ ಚೀಟಿಯನ್ನು ಆಸ್ಪತ್ರೆಯಲ್ಲಿ ಕೊಟ್ಟಿದ್ದರು, ಅದರಲ್ಲಿ ಎಚ್‌ಐವಿಯದೂ ಇತ್ತು. ಅಂದೇ ಹೋಗಬೇಕಿತ್ತು.

“ನಾನು ಹೋಗಲ್ಲ ಅಕ್ಕ,” ಎಂದು ಅಳತೊಡಗಿದಳು. “ಮೇಷ್ಟ್ರನ್ನೇ ಹೀಗಂದೋರು ನನ್ನ ಬಿಡ್ತಾರಾ?”

ಅಮ್ಮನೂ ಅವಳ ಕಡೆಗೇ ಸೇರಿಕೊಂಡಳು. “ಮಾನವಂತರ ಮನೆ ನಮ್ದು. ಅಳಿಯ ಚಿನ್ನದಂಥವನು. ಇಲ್ಲದ ಉಸಾಬರಿ ಯಾಕೆ?”

ಇಸ್ತ್ರಿಗೆ ಕೊಟ್ಟ ಕೋಟು ಒಯ್ಯಲು ಬಂದಿದ್ದ ಆ ಆಸ್ಪತ್ರೆಯ ನರ್ಸಕ್ಕ ಬಾಗಿಲಲ್ಲೇ ನಿಂತಿದ್ದರು. “ಅಮ್ಮ, ಎಚ್‌ಐವಿ ಮಾನ ಮರ್ಯಾದೆ ನೋಡ್ಕೊಂಡು ಬರಲ್ಲ,” ಎಂದರು. “ಕಾಂಡೋಮ್ ಇಲ್ಲದ ಲೈಂಗಿಕ ಸಂಪರ್ಕ, ಸೋಂಕಿರೋ ರಕ್ತ, ಸೋಂಕಿರೋರಿಗೆ ಚುಚ್ಚಿದ ಸೂಜಿ, ತಾಯಿಯಿಂದ ಮಗುಗೆ. ಬರೋದು ಹೀಗೆ. ಬಟ್ಟೆಯಿಂದ, ಲೋಟದಿಂದ, ಮುಟ್ಟಿದ್ರೆ, ಜೊತೇಲಿ ಉಂಡ್ರೆ ಬರಲ್ಲ.”

“ಇದ್ರೆ ಮುಖ ನೋಡಿದ್ರೇ ಗೊತ್ತಾಗಲ್ವೇ?” ಎಂದಳು ಅಮ್ಮ.

“ವರ್ಷಗಟ್ಟಲೆ ಗೊತ್ತಾಗದೆ ಇರಬಹುದು. ಪರೀಕ್ಷೆಯಿಂದಷ್ಟೇ ಗೊತ್ತಾಗೋದು. ಬೇಗ ಗೊತ್ತಾದ್ರೆ ದಿನಾ ಮಾತ್ರೆ ತಗೊಂಡು ತಾಯಿ ಗಟ್ಟಿಯಾಗಿರ್ತಾಳೆ, ಸೋಂಕು ಮಗುಗೆ ದಾಟದ ಹಾಗೂ ತಡೀಬಹುದು. ನೀವು ಹೆದರಿ ಕೂತ್ರೆ ಅನುಭವಿಸೋದು ಆ ಕೂಸು! ಅಳಿಯನನ್ನೂ ಕರ್ಕೊಂಡು ಬನ್ನಿ. ರಿಪೋರ್ಟ್ ಗುಟ್ಟಾಗಿಡ್ತೀವಿ.”

ಅಮ್ಮ ತಂಗಿಯ ಹೊಟ್ಟೆಯನ್ನೊಮ್ಮೆ ನೋಡಿದಳು. ಆಮೇಲೆ ದಡಕ್ಕನೆ ಎದ್ದಳು. “ಮೂಲೆಮನೆಯವಳ ಬಾಯಿಗೆ ಹೆದರಿ ನನ್ನ ಮೊಮ್ಮಗುನ ಬಲಿ ಕೊಡ್ಲಾ? ಎಲ್ಲಿ ನನ್ನ ಚಪ್ಪಲಿ?”

ಪೆಟ್ಟಿಗೆ ಆರಿಸಿ, ಅಂಗಡಿ ಮುಚ್ಚಿ ಆಸ್ಪತ್ರೆಗೆ ಹೊರಟೆವು. ರಕ್ತ ಕೊಡಲು ಮೊದಲು ನಾನೇ ಕೈ ಚಾಚಿದೆ. ಆಮೇಲೆ ತಂಗಿ, ಕೆಲಸದಿಂದ ಓಡಿಬಂದ ಅವಳ ಗಂಡ. “ನಂದೂ ನೋಡಿಬಿಡಿ” ಎಂದು ಅಮ್ಮನೂ ಕೂತಳು. ಹೊರಗೆ ಬೆಂಚಿನ ಮೇಲೆ ಯಾರೋ ಪರಿಚಯದವರು ಕಣ್ಣರಳಿಸಿ ನೋಡಿದಾಗ ಅವಳೇ ಕೇಳಿದಳು: “ನಂದಾಯ್ತು ಕಣ್ರೀ. ನಿಮ್ದಾಯ್ತಾ?”

ತಂಗಿಯ ರಿಪೋರ್ಟಿನಲ್ಲಿ ಏನಿತ್ತು ಎಂದು ಮೂಲೆಮನೆ ಅತ್ತಿಗೆ ಮೂರು ದಿನದಿಂದ ಕೇಳುತ್ತಲೇ ಇದ್ದಾಳೆ. ಓದುತ್ತಿರುವ ನಿಮಗೂ ಕೇಳಬೇಕು ಅನ್ನಿಸುತ್ತಿದೆ, ಅಲ್ಲವೇ? ಅದು ನಿಮಗೇಕೆ? ಅವಳದು ಅವಳಿಗೆ ಗೊತ್ತಾಗಿದೆ, ಏನು ಮಾಡಬೇಕೆಂಬುದೂ ಗೊತ್ತಾಗಿದೆ. ಮೇಷ್ಟ್ರ ಅಂಗಿ ನನ್ನ ಅಂಗಡಿಯಲ್ಲಿ ಎಲ್ಲರ ಬಟ್ಟೆಯ ಜೊತೆಗೇ ಇದೆ. ಒಪ್ಪದವರು ಸುಕ್ಕುಬಟ್ಟೆ ತೊಟ್ಟು ಓಡಾಡಲಿ.

ನಿಮ್ಮ ಮಾತು ಹೇಳಿ. ನಿಮ್ಮದು ನಿಮಗೆ ಗೊತ್ತಿದೆಯೇ? ಇಲ್ಲವಾದರೆ ಮಂದಿಯ ಸುದ್ದಿ ಬಿಟ್ಟು ಏಳಿ, ಇವತ್ತೇ ಹೋಗಿ ಪರೀಕ್ಷೆ ಮಾಡಿಸಿಕೊಳ್ಳಿ.