ಕ್ರಿಸ್ಮಸ್‌ಗೆ ಎತ್ತಿಟ್ಟ ಕಜ್ಜಾಯ

ಪಾದ್ರಿಗಳು ಪಟ್ಟಿ ಓದಿ ಮುಗಿಸಿ ಕನ್ನಡಕ ತೆಗೆದರು. ಅಮ್ಮ ಎದ್ದು ನಿಂತಳು.

"ಅಯ್ಯನೋರೇ, ನಂದು ಬಿಟ್ಟೋಯ್ತು."

ನಮ್ಮ ಸಭೆಯಲ್ಲಿ ಒಂದು ಪದ್ಧತಿಯಿದೆ. ವರ್ಷದಲ್ಲಿ ದೇವರು ಮಾಡಿದ ಉಪಕಾರವನ್ನು ಚೀಟಿಯಲ್ಲಿ ಬರೆದು ಡಿಸೆಂಬರ್ ಮೊದಲ ಭಾನುವಾರ ಕೊಡಬೇಕು. ಕ್ರಿಸ್ಮಸ್ ಬೆಳಿಗ್ಗೆ ಅದನ್ನು ಓದುತ್ತಾರೆ, ಆ ಮನೆಯವರು ಎದ್ದು ನಿಲ್ಲುತ್ತಾರೆ. ಮಗುವಾಯಿತು, ಕೆಲಸ ಸಿಕ್ಕಿತು, ಮಂಡಿನೋವು ಹೋಯಿತು. ಅಮ್ಮ ಬರೆದಿದ್ದಳು: ನನ್ನ ಯಜಮಾನರು ಪೂರ್ಣ ಗುಣವಾಗಿ ಮನೆಗೆ ಬಂದದ್ದಕ್ಕೆ.

ಚೀಟಿ ಕೊಟ್ಟ ಹತ್ತು ದಿನಕ್ಕೆ ಅಪ್ಪ ತೀರಿಕೊಂಡ. ಆದರೂ ಚೀಟಿ ಓದಲೇಬೇಕು ಎಂದು ಅಮ್ಮ ಹಟ ಹಿಡಿದಿದ್ದಳು. ಕಾಯಿಲೆಯನ್ನು ದೇವರು ವಾಸಿ ಮಾಡಿದ. ಆಮೇಲೆ ಹೃದಯ ನಿಂತದ್ದು ಬೇರೆ ವಿಷಯ. ಕೊಟ್ಟದ್ದಕ್ಕೆ ಸ್ತೋತ್ರ ಹೇಳದೆ ಇರುವುದು ಹೇಗೆ?

ವಾಸಿಯಾಗಿದೆ ಎಂದು ಅವಳಿಗೆ ಹೇಳಿದವಳು ನಾನು. ಗಡ್ಡೆ ಲಿವರಿಗೂ ಹರಡಿದೆ, ಇನ್ನು ಮಾಡುವುದೇನೂ ಇಲ್ಲ, ಮನೆಗೆ ಕರೆದುಕೊಂಡು ಹೋಗಿ, ಕೇಳಿದ್ದು ಕೊಡಿ ಎಂದಿದ್ದರು ಡಾಕ್ಟರು. ಕಾರಿಡಾರಿನಲ್ಲಿ ಅಮ್ಮ ಬೈಬಲ್ ಅವುಚಿಕೊಂಡು ಕೂತಿದ್ದಳು. ನನ್ನ ಮುಖ ನೋಡಿದಳು. "ಗುಣ ಆಯ್ತಂತಮ್ಮ" ಎಂದುಬಿಟ್ಟೆ. ಒಂದು ಸಂಜೆಯ ಮಟ್ಟಿಗೆ ಇರಲಿ ಎಂದುಕೊಂಡಿದ್ದೆ. ಮಾರನೆಯ ದಿನ ಅವಳು ಚೀಟಿ ಬರೆಯಲು ಪೆನ್ನು ಹುಡುಕುತ್ತಿದ್ದಳು.

ಆ ಮಾತನ್ನು ಮೈಕಿನಲ್ಲಿ ಕೇಳುವುದು ನನ್ನಿಂದ ಸಾಧ್ಯವಿರಲಿಲ್ಲ. ಮೂರು ದಿನದ ಹಿಂದೆ ಚೀಟಿಗಳ ಪಟ್ಟಿ ಮಾಡುವ ಸಭೆಯ ಹಿರಿಯರಾದ ಜಯಪಾಲರ ಮನೆಗೆ ಹೋಗಿ ಚೀಟಿ ತೆಗೆಸಿದ್ದೆ.

ಈಗ ಜಯಪಾಲರು ಪಾದ್ರಿಗಳ ಪಕ್ಕಕ್ಕೆ ಬಂದರು. "ನಿಮ್ಮ ವಾಣೀನೇ ಬಂದು ತೆಗೆಸಿದ್ಲಲ್ಲಮ್ಮ. ನೀವೇ ಹೇಳಿ ಕಳಿಸಿದ್ರಿ ಅಂದ್ಲು." ಮೆತ್ತಗೇ ಹೇಳಿದರು, ಆದರೆ ಎದುರಿಗೆ ಮೈಕಿತ್ತು.

ಅಮ್ಮ ಕೂತಳು. ಕೊನೆಯ ಕೀರ್ತನೆಯನ್ನು ಒಂದು ಸಾಲೂ ಬಿಡದೆ ಹಾಡಿದಳು. ಹೊರಗೆ ಯಾರೋ ಕೇಕ್ ಕೊಟ್ಟರೆ ಎರಡೂ ಕೈಯೊಡ್ಡಿ ತೆಗೆದುಕೊಂಡಳು. ಸ್ಕೂಟರಿನ ಹತ್ತಿರ ಬಂದಮೇಲೆ ಕೇಳಿದಳು:

"ಡಾಕ್ಟ್ರು ಏನಂದಿದ್ರು?"

ಹೇಳಿದೆ.

"ಕೇಳಿದ್ದು ಕೊಡಿ ಅಂದಿದ್ರಾ?"

"ಹೂಂ."

ಅವಳು ಹಿಂದೆ ಕೂತಳು. ಕೆಸರೆಯ ನಮ್ಮ ಮನೆ ತಲುಪುವವರೆಗೂ ನನ್ನ ಭುಜ ಹಿಡಿಯಲಿಲ್ಲ, ರಸ್ತೆಯ ಉಬ್ಬುಗಳಲ್ಲೂ ಹಿಡಿಯಲಿಲ್ಲ.

ಅಪ್ಪ ಕೇಳಿದ್ದು ಕಜ್ಜಾಯ. ಬೆಲ್ಲದ ಪಾಕದ ವಾಸನೆ ಮನೆಯೆಲ್ಲ ತುಂಬಿದ್ದ ದಿನ ಮಂಚದಿಂದಲೇ ಕೂಗಿದ್ದ. "ಏನಮ್ಮಾ ಜೈಲರಮ್ಮ, ಒಂದು ಕೊಡೇ."

"ಸಿಹಿ ಮುಟ್ಟಂಗಿಲ್ಲ. ದೇವ್ರು ವಾಸಿ ಮಾಡಿದ್ದನ್ನ ನೀವು ಬಾಯಿಚಪಲಕ್ಕೆ ಕೆಡಿಸ್ಕೋಬೇಡಿ. ಕ್ರಿಸ್ಮಸ್‌ಗೆ ತಿನ್ನೀರಂತೆ ಬುಡಿ, ಹದಿನೈದು ದಿನ ತಡ್ಕೊಳಕ್ಕಾಗಲ್ವಾ?"

"ಹೂಟಗಳ್ಳಿ ಫ್ಯಾಕ್ಟ್ರೀಲಿ ಮೂವತ್ತು ವರ್ಷ ಲೇತ್ ಮುಂದೆ ನಿಂತೋನು ಕಣೆ ನಾನು. ಹದಿನೈದು ದಿನ ಯಾವ ಮಹಾ! ವಾಸನೆ ಆದ್ರೂ ತೋರ್ಸು."

ಅಮ್ಮ ನಗುತ್ತಾ ಡಬ್ಬಿಯನ್ನು ಅವನ ಮೂಗಿನ ಕೆಳಗೆ ಹಿಡಿದು ಮುಚ್ಚಿಬಿಟ್ಟಳು. ಅಪ್ಪ ನನ್ನ ಕಡೆ ತಿರುಗಿ ಕಣ್ಣು ಮಿಟುಕಿಸಿದ, ನೀನಾದರೂ ಕದ್ದು ತಾ ಎನ್ನುವಂತೆ. ನಾನು ಬಾಗಿಲಲ್ಲಿ ನಿಂತಿದ್ದೆ. ಮರುದಿನ ಅಮ್ಮ ಸ್ನಾನಕ್ಕೆ ಹೋದಾಗ ಡಬ್ಬಿ ಕೈಗೆ ತೆಗೆದುಕೊಂಡೆ ಕೂಡ. ಕೊಟ್ಟರೆ ಯಾಕೆ ಕೊಟ್ಟೆ ಎಂದು ಹೇಳಬೇಕಾಗುತ್ತಿತ್ತು. ಮತ್ತೆ ಅಟ್ಟದ ಮೇಲೆ ಇಟ್ಟೆ. ಕೊನೆಯವರೆಗೂ ಅವನು ಉಂಡದ್ದು ರಾಗಿ ಗಂಜಿ, ಸಕ್ಕರೆಯಿಲ್ಲದ ಹಾಲು.

ಮನೆಗೆ ಬಂದು ಅಮ್ಮ ಸೀರೆ ಬದಲಿಸಲಿಲ್ಲ. ಸ್ಟೂಲು ಹತ್ತಿ ಡಬ್ಬಿ ಇಳಿಸಿದಳು. ಮೇಜಿನ ಮೇಲಿಟ್ಟು ಮುಚ್ಚಳ ತೆಗೆದು ನನ್ನ ಎದುರಿಗೆ ಕೂತಳು.

"ಸ್ತೋತ್ರ ಹೇಳು."

ನಮ್ಮ ಮನೆಯಲ್ಲಿ ಸ್ತೋತ್ರ ಹೇಳದೆ ಯಾರೂ ಬಾಯಿಗೆ ಏನೂ ಹಾಕುವುದಿಲ್ಲ. ಇಷ್ಟು ವರ್ಷ ಅಪ್ಪನೇ ಹೇಳುತ್ತಿದ್ದ.

"ನನ್ ಕೈಲಾಗಲ್ಲಮ್ಮ."

"ಯಾಕಾಗಲ್ಲ? ನಂಗೆ ಅಷ್ಟು ಸಲೀಸಾಗಿ ಹೇಳ್ದ್ಯಲ್ಲ." ದನಿ ಏರಲಿಲ್ಲ. "ಅವ್ರು ಹೇಳ್ತಿದ್ದಂಗೇ ಹೇಳು. ಮನೆಯೋರಿಗೆ, ಆರೋಗ್ಯಕ್ಕೆ, ಮುಂದೆ ಇಟ್ಟಿರೋ ಆಹಾರಕ್ಕೆ. ಹೇಳು."

"ಅಮ್ಮ, ನಿಂಗೆ ನೋವಾಗ್ಬಾರ್ದು ಅಂತ..."

"ನಂಗಲ್ಲ ಕಣೆ ಹೇಳ್ತಿರೋದು. ಆತನಿಗೆ ಹೇಳು."

ಅವಳು ಕೈಮುಗಿದು ಕಣ್ಣು ಮುಚ್ಚಿದಳು. ನಾನೂ ಕೈಮುಗಿದೆ.

"ಕರ್ತನೇ, ಸ್ತೋತ್ರ" ಎಂದೆ. ಅಮ್ಮ ಮುಂದಿನ ಮಾತಿಗೆ ಕಾಯುತ್ತಿದ್ದಳು. ನಾನು ಕಣ್ಣು ಮುಚ್ಚಿರಲಿಲ್ಲ. ಡಬ್ಬಿಯಲ್ಲಿ ಕಜ್ಜಾಯಗಳು ಕಂಠದವರೆಗೂ ಇದ್ದವು, ಅವಳು ಜೋಡಿಸಿಟ್ಟ ಹಾಗೆಯೇ.